ದೂರದ ಬ್ಯಾಕಪ್ ಕೈಕೊಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಬ್ಯಾಕಪ್ ಕೆಟ್ಟಿದೆ ಎಂಬ ದೂರು ಬರುವುದು ಅಪರೂಪ. ಫೈಲ್ ಬೇಕಾದ ದಿನ ಅದು ಸಿಗುತ್ತಿಲ್ಲ ಎಂಬ ದೂರೇ ಹೆಚ್ಚು. ಅಷ್ಟು ಹೊತ್ತಿಗೆ ದೋಷ ಹುಟ್ಟಿ ತಿಂಗಳುಗಳೇ ಆಗಿರುತ್ತವೆ, ಪರದೆಯ ಮೂಲೆಯ ಹಸಿರು ಗುರುತು ಮಾತ್ರ ದಿನವೂ ತಪ್ಪದೆ ಬರುತ್ತಿರುತ್ತದೆ. ಆದ್ದರಿಂದ ಇಲ್ಲಿ ಹುಡುಕಾಟವನ್ನು ಕಳಿಸುವ ತುದಿಯಿಂದ ಶುರು ಮಾಡಿಲ್ಲ, ವಾಪಸ್ ತೆಗೆಯುವ ತುದಿಯಿಂದ ಶುರು ಮಾಡಿದೆ.

ಉದಾಹರಣೆಗೆ ಸಣ್ಣ ಕಚೇರಿಯೊಂದನ್ನು ಇಟ್ಟುಕೊಳ್ಳೋಣ. ಮೂರ್ನಾಲ್ಕು ವಿಂಡೋಸ್ ಕಂಪ್ಯೂಟರ್‌ಗಳು, ಟ್ಯಾಲಿಯಲ್ಲಿ ಲೆಕ್ಕಪತ್ರ, ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಪತ್ರಗಳು, ಸ್ಕ್ಯಾನ್ ಮಾಡಿದ ದಾಖಲೆಗಳು. ಬ್ಯಾಕಪ್‌ಗೆ ರೆಸ್ಟಿಕ್ ಎಂಬ ಉಚಿತ, ಮುಕ್ತ ತಂತ್ರಾಂಶ. ಸಂಗ್ರಹ ದೂರದ ಸರ್ವರ್‌ನಲ್ಲಿ. ರೆಸ್ಟಿಕ್ ಫೈಲ್‌ಗಳನ್ನು ಚೂರುಗಳಾಗಿ ಒಡೆದು, ಎಇಎಸ್-256 ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡಿ (ಕೀಲಿಯಿಲ್ಲದೆ ಓದಲಾಗದಂತೆ ಗುಪ್ತಗೊಳಿಸಿ), ಆಮೇಲಷ್ಟೇ ಕಳಿಸುತ್ತದೆ. ಒಳಗೇನಿದೆ ಎಂದು ಸರ್ವರ್‌ನವರಿಗೆ ತಿಳಿಯುವುದಿಲ್ಲ. ಬೇರೆ ತಂತ್ರಾಂಶ ಬಳಸುವವರಿಗೂ ಆದೇಶಗಳ ಹೆಸರು ಬೇರೆಯಾದೀತೇ ಹೊರತು ರೋಗಗಳು ಇವೇ.

ಮೂರು ಫೈಲ್‌ಗಳ ಪರೀಕ್ಷೆ

ಮೂರು ಫೈಲ್ ಆರಿಸಿಕೊಳ್ಳಿ: ನಿನ್ನೆ ಬದಲಾದದ್ದೊಂದು, ವರ್ಷದಿಂದ ಯಾರೂ ಮುಟ್ಟದ್ದೊಂದು, ಇಡೀ ದಿನ ತೆರೆದೇ ಇರುವಂಥದ್ದೊಂದು. ಮೂರನೆಯದಕ್ಕೆ ಟ್ಯಾಲಿಯ ಕಂಪನಿ ಫೋಲ್ಡರ್ ಅಥವಾ ಔಟ್‌ಲುಕ್‌ನ ಅಂಚೆ (ಇಮೇಲ್) ಫೈಲ್ ಸರಿಹೋಗುತ್ತದೆ. ಇವನ್ನು ಬ್ಯಾಕಪ್‌ನಿಂದ ಖಾಲಿ ಫೋಲ್ಡರ್ ಒಂದಕ್ಕೆ ಇಳಿಸಿ. ಮೂಲದ ಮೇಲೆಯೇ ಇಳಿಸಬೇಡಿ. ಬ್ಯಾಕಪ್‌ನಲ್ಲಿರುವುದು ಹಳೆಯ ಪ್ರತಿಯಾಗಿದ್ದರೆ ಇರುವ ಒಳ್ಳೆಯದೂ ಹೋಗುತ್ತದೆ.

ಹಳೆಯದು ಬಂದು ನಿನ್ನೆಯದು ಬರಲಿಲ್ಲವೆಂದರೆ ಬ್ಯಾಕಪ್ ಓಡುತ್ತಿಲ್ಲ, ಸರ್ವರ್ ಮುಟ್ಟುತ್ತಿಲ್ಲ ಅಥವಾ ಮುಗಿಯುತ್ತಿಲ್ಲ. ಎರಡೂ ಬಂದು ಮೂರನೆಯದು ಬರಲಿಲ್ಲ, ಅಥವಾ ಬಂದರೂ ತೆರೆಯಲಿಲ್ಲವೆಂದರೆ ದೋಷ ಬಳಕೆಯಲ್ಲಿರುವ ಫೈಲ್‌ಗಳ ನಕಲಿನಲ್ಲಿದೆ. ಯಾವುದೂ ಬಾರದೆ ಪಾಸ್‌ವರ್ಡ್ ತಪ್ಪು ಎಂದರೆ ಬೇರೆಲ್ಲ ಬಿಟ್ಟು ಕೀಲಿಯ ಭಾಗಕ್ಕೆ ಹೋಗಿ. ಮೂರೂ ಬಂದು ನೆಟ್ಟಗೆ ತೆರೆದವೆಂದರೆ ಈ ಬರಹದ ಅರ್ಧ ಭಾಗ ನಿಮಗೆ ಬೇಡ. ಲಾಗ್ (ತಂತ್ರಾಂಶ ತಾನು ಮಾಡಿದ್ದನ್ನು ಬರೆದಿಡುವ ದಿನಚರಿ) ಓದುತ್ತ ಕೂರುವುದಕ್ಕೆ ಮೊದಲು ಇಷ್ಟು ಮಾಡಿದರೆ ಬಹಳ ಸಮಯ ಉಳಿಯುತ್ತದೆ.

ಓಡಲೇ ಇಲ್ಲ

ಪ್ರತಿ ಸಲ ಬ್ಯಾಕಪ್ ಮುಗಿದಾಗ ಉಳಿಯುವ ಆ ಹೊತ್ತಿನ ಪ್ರತಿಗೆ ರೆಸ್ಟಿಕ್‌ನಲ್ಲಿ ಸ್ನ್ಯಾಪ್‌ಶಾಟ್ ಎಂದು ಹೆಸರು. ‘ಸ್ನ್ಯಾಪ್‌ಶಾಟ್ಸ್’ ಆದೇಶ ಕೊಟ್ಟು ಕೊನೆಯ ದಿನಾಂಕ ನೋಡಿ. ಅಲ್ಲಿಂದೀಚೆಗೆ ಲಾಗ್‌ನಲ್ಲಿ ಒಂದು ಸಾಲೂ ಇಲ್ಲದಿದ್ದರೆ ತಂತ್ರಾಂಶದ ತಪ್ಪಲ್ಲ, ಅದನ್ನು ಎಬ್ಬಿಸುವವರೇ ಇರಲಿಲ್ಲ. ಗೊತ್ತುಪಡಿಸಿದ ಹೊತ್ತಿಗೆ ಕೆಲಸ ಶುರು ಮಾಡಿಸುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಹೊಸ ಕೆಲಸ ಸೇರಿಸಿದಾಗ ‘ವಿದ್ಯುತ್ ಸಂಪರ್ಕ ಇದ್ದಾಗ ಮಾತ್ರ ಶುರು ಮಾಡು’ ಎಂಬ ಆಯ್ಕೆಗೆ ತಾನಾಗಿಯೇ ಗುರುತು ಬಿದ್ದಿರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿಲ್ಲದ ದಿನ ಬ್ಯಾಕಪ್ ಇಲ್ಲ. ರಾತ್ರಿ ಹನ್ನೊಂದಕ್ಕೆ ಸಮಯ ಇಟ್ಟು ಸಂಜೆ ಆರಕ್ಕೆ ಮೇನ್ ಸ್ವಿಚ್ಚನ್ನೇ ಆರಿಸಿ ಹೋಗುವ ಕಚೇರಿಗಳೂ ಇವೆ. ಇಲ್ಲಿ ಯಾರನ್ನೂ ದೂರಿ ಫಲವಿಲ್ಲ, ಮಧ್ಯಾಹ್ನದ ಊಟದ ಹೊತ್ತಿಗೆ ಸಮಯ ಬದಲಿಸಿ. ತಪ್ಪಿದ ಕೆಲಸವನ್ನು ಸಾಧ್ಯವಾದಷ್ಟು ಬೇಗ ನಡೆಸು ಎಂಬ ಆಯ್ಕೆಯನ್ನೂ ಗುರುತಿಸಿ. ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಕ್ರಾನ್ ತಪ್ಪಿದ ಸರದಿಯನ್ನು ಮರೆತೇಬಿಡುತ್ತದೆ. ಅಲ್ಲಿ ಅನಾಕ್ರಾನ್ ಬೇಕು, ಇಲ್ಲವೇ ಸಿಸ್ಟಮ್‌ಡಿ ಟೈಮರ್‌ನಲ್ಲಿ ‘ಪರ್ಸಿಸ್ಟೆಂಟ್’ ಆಯ್ಕೆ.

ಇನ್ನೊಂದು ಬಗೆಯಿದೆ: ಕೈಯಿಂದ ಓಡಿಸಿದರೆ ಸರಿ, ತಾನಾಗಿ ಓಡಿದರೆ ತಪ್ಪು. ನೆಟ್‌ವರ್ಕ್ ಫೋಲ್ಡರ್ ಒಂದಕ್ಕೆ ಡ್ರೈವ್ ಅಕ್ಷರ ಕೊಟ್ಟಿರುತ್ತೀರಿ. ಆ ಅಕ್ಷರ ನಿಮ್ಮ ಲಾಗಿನ್‌ಗೆ ಸೇರಿದ್ದು. ಶೆಡ್ಯೂಲರ್ ಸಿಸ್ಟಮ್ ಖಾತೆಯಲ್ಲಿ ಕೆಲಸ ಮಾಡುವಾಗ ಆ ಡ್ರೈವೇ ಅದರ ಕಣ್ಣಿಗೆ ಬೀಳುವುದಿಲ್ಲ. ಸರ್ವರ್ ಹೆಸರಿನಿಂದ ಶುರುವಾಗುವ ಪೂರ್ಣ ವಿಳಾಸ ಕೊಡಿ, ಆ ಹಂಚಿಕೆಯನ್ನು ಓದುವ ಅನುಮತಿಯಿರುವ ಖಾತೆಯಲ್ಲಿ ಓಡಿಸಿ.

ಓಡಿತು, ಸರ್ವರ್ ಮುಟ್ಟಲಿಲ್ಲ

ಇಂಥಲ್ಲಿ ಎಲ್ಲರೂ ಮೊದಲು ಪಾಸ್‌ವರ್ಡ್ ಬದಲಿಸಲು ಹೊರಡುತ್ತಾರೆ. ನಾನು ಮೊದಲು ನೋಡುವುದು ಕಂಪ್ಯೂಟರಿನ ಗಡಿಯಾರವನ್ನು. ಮದರ್‌ಬೋರ್ಡ್‌ನಲ್ಲಿರುವ ಸಿಆರ್2032 ನಾಣ್ಯ ಬ್ಯಾಟರಿ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ. ಆಗ ಸರ್ವರ್‌ನ ಭದ್ರತಾ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಕಾಣಿಸಿ ಸಂಪರ್ಕ ಮುರಿಯುತ್ತದೆ. ವರ್ಷಗಳ ಮಾತಿರಲಿ, ಅಮೆಜಾನ್ ಎಸ್3 ಸಂಗ್ರಹದಲ್ಲಿ 15 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೂ ಕೋರಿಕೆ ತಿರಸ್ಕಾರವಾಗುತ್ತದೆ. ಉತ್ತರವಾಗಿ ಬರುವ 403 ಎಂಬ ಸಂಖ್ಯೆಯನ್ನಷ್ಟೇ ನೋಡಿದವರು ಕೀಲಿ ತಪ್ಪೆಂದು ಭಾವಿಸಿ ಹೊಸ ಕೀಲಿ ಮಾಡಿಸುತ್ತಾರೆ. ಹೊಸದಕ್ಕೂ ಅದೇ ಉತ್ತರ. ಸಂಖ್ಯೆಯ ಮುಂದಿನ ಸಾಲನ್ನು ಪೂರ್ತಿ ಓದಿ, ಸಮಯದ ಮಾತು ಅಲ್ಲೇ ಇರುತ್ತದೆ. ಬ್ಯಾಟರಿ ಬದಲಿಸಿ, ಇಂಟರ್ನೆಟ್‌ನಿಂದ ಸಮಯ ಪಡೆಯುವ ವ್ಯವಸ್ಥೆ ಚಾಲೂ ಮಾಡಿ.

ಗಡಿಯಾರ ಮುಂದಕ್ಕೆ ಓಡಿದ್ದರೆ ಅಪಾಯ ಬೇರೆ. ಎಸ್‌ಎಫ್‌ಟಿಪಿ ಎಂಬ ಫೈಲ್ ಸಾಗಿಸುವ ವಿಧಾನದ ಮೂಲಕ ಕಳಿಸುವವರಿಗೆ ಸಂಪರ್ಕ ಸಿಕ್ಕೇ ಸಿಗುತ್ತದೆ, ಸ್ನ್ಯಾಪ್‌ಶಾಟ್ ಮೇಲೆ ಮಾತ್ರ ಮುಂಬರುವ ವರ್ಷದ ದಿನಾಂಕ ಬೀಳುತ್ತದೆ. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಕಳೆಯಲು ‘ಕೀಪ್ ವಿದಿನ್’ ನಿಯಮ ಇಟ್ಟಿದ್ದರೆ ರೆಸ್ಟಿಕ್ ಲೆಕ್ಕ ಹಾಕುವುದು ಇವತ್ತಿನಿಂದಲ್ಲ, ಇರುವುದರಲ್ಲಿ ಅತಿ ಹೊಸ ಸ್ನ್ಯಾಪ್‌ಶಾಟ್‌ನಿಂದ. ಎರಡು ವರ್ಷ ಮುಂದಿನ ದಿನಾಂಕದ ಒಂದೇ ಒಂದು ಸ್ನ್ಯಾಪ್‌ಶಾಟ್ ಸೇರಿಕೊಂಡರೆ ‘ಮೂರು ತಿಂಗಳದ್ದು ಇಟ್ಟುಕೋ’ ಎಂಬ ನಿಯಮ ಹಿಂದಿನದನ್ನೆಲ್ಲ ಹಳತೆಂದು ಬಗೆದು ಪಟ್ಟಿಯಿಂದ ತೆಗೆಯಬಹುದು. ಪಟ್ಟಿಯಲ್ಲಿ ವಿಚಿತ್ರ ದಿನಾಂಕ ಕಂಡರೆ ‘ಫರ್ಗೆಟ್’ ಮತ್ತು ‘ಪ್ರೂನ್’ ಎರಡನ್ನೂ ತಕ್ಷಣ ನಿಲ್ಲಿಸಿ. ‘ಫರ್ಗೆಟ್’ ಪಟ್ಟಿಯಿಂದ ಹೆಸರು ತೆಗೆಯುತ್ತದೆ, ದತ್ತಾಂಶ ನಿಜವಾಗಿ ಅಳಿಯುವುದು ‘ಪ್ರೂನ್’ ಓಡಿದಾಗ. ಇವೆರಡರ ನಡುವೆ ಇನ್ನೂ ಉಳಿಸಿಕೊಳ್ಳುವ ದಾರಿಯಿದೆ.

ಗಡಿಯಾರ ಸರಿಯಿದ್ದರೆ ಕಂಪ್ಯೂಟರನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ ಮತ್ತೆ ಪ್ರಯತ್ನಿಸಿ. ಅಲ್ಲಿ ಕೆಲಸ ಮಾಡಿದರೆ ದೋಷ ನಿಮ್ಮ ರೌಟರ್, ಫೈರ್‌ವಾಲ್ ಅಥವಾ ಇಂಟರ್ನೆಟ್ ಸೇವೆಯಲ್ಲಿದೆ. ಎಸ್‌ಎಫ್‌ಟಿಪಿಗೆ ಬೇಕಾದ 22ನೇ ಪೋರ್ಟನ್ನು (ಸಂಪರ್ಕದ ಬಾಗಿಲನ್ನು) ಮುಚ್ಚಿಟ್ಟ ಜಾಲಗಳು ಸಾಕಷ್ಟಿವೆ. ಅಲ್ಲೂ ಆಗದಿದ್ದರೆ ದೋಷ ಕಂಪ್ಯೂಟರಿನಲ್ಲಿ ಅಥವಾ ಸರ್ವರ್‌ನಲ್ಲಿ. ತುಂಬ ಹಳೆಯ ಯಂತ್ರವಾದರೆ ಪ್ರಮಾಣಪತ್ರಗಳ ಮೂಲಪಟ್ಟಿಯೇ ಹಳತಾಗಿರಬಹುದು. 2021ರ ಸೆಪ್ಟೆಂಬರ್ 30ರಂದು ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಸರೆಯಾಗಿಸಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿದಾಗ, ನವೀಕರಣ ಕಾಣದ ಎಷ್ಟೋ ಯಂತ್ರಗಳು ರಾತ್ರೋರಾತ್ರಿ ಸುಸ್ಥಿತಿಯ ಸರ್ವರ್‌ಗಳನ್ನೇ ನಂಬಲೊಲ್ಲೆ ಎಂದವು.

ಸರ್ವರ್‌ನ ಗುರುತಿನ ಕೀಲಿ ಬದಲಾಗಿದೆ ಎಂಬ ದೊಡ್ಡ ಎಚ್ಚರಿಕೆ ಬಂದರೆ ಅದನ್ನು ಅಳಿಸಿ ಮುಂದೆ ಹೋಗಿಬಿಡಬೇಡಿ. ಸರ್ವರ್ ಹೊಸದಾಗಿ ಸ್ಥಾಪನೆಯಾಗಿರಬಹುದು, ನಡುವೆ ಯಾರೋ ಕುಳಿತಿರಲೂಬಹುದು. ಸೇವೆ ಕೊಡುವವರಿಗೆ ಫೋನ್ ಮಾಡಿ ಹೊಸ ಕೀಲಿಯ ಗುರುತಿನ ಸಾಲನ್ನು (ಫಿಂಗರ್‌ಪ್ರಿಂಟ್) ಹೋಲಿಸಿಕೊಂಡ ಮೇಲಷ್ಟೇ ಒಪ್ಪಿಕೊಳ್ಳಿ.

ದೂರದ ಸರ್ವರ್ ಎಂದರೆ ನಿಮ್ಮದೇ ಮನೆಯಲ್ಲಿಟ್ಟ ನ್ಯಾಸ್ (ಜಾಲಕ್ಕೆ ಸೇರಿಸಿದ ಡಿಸ್ಕ್) ಪೆಟ್ಟಿಗೆಯಾದರೆ ಇನ್ನೊಂದು ತೊಡಕು. ರೌಟರ್‌ನ ಹೊರ ವಿಳಾಸ 100.64ರಿಂದ 100.127ರೊಳಗಿನ ಅಂಕಿಗಳಿಂದ ಶುರುವಾದರೆ ನಿಮಗೆ ಸ್ವಂತ ಸಾರ್ವಜನಿಕ ವಿಳಾಸವಿಲ್ಲ, ಹಲವು ಗ್ರಾಹಕರಿಗೆ ಒಂದೇ ವಿಳಾಸ ಹಂಚಿದ್ದಾರೆ. ಪೋರ್ಟ್ ತೆರೆಯಲು ಎಷ್ಟು ಗುದ್ದಾಡಿದರೂ ಹೊರಗಿನಿಂದ ಸಂಪರ್ಕ ಬರದು. ಸ್ಥಿರ ವಿಳಾಸಕ್ಕೆ ಹಣ ಕೊಡಿ, ಇಲ್ಲವೇ ಟೇಲ್‌ಸ್ಕೇಲ್‌ನಂಥ ಸುರಂಗದ ವ್ಯವಸ್ಥೆ ಮಾಡಿ.

ಶುರುವಾಯಿತು, ಮುಗಿಯುತ್ತಲೇ ಇಲ್ಲ

ಇಲ್ಲಿ ಬೇಕಾದದ್ದು ಬರೀ ಗುಣಾಕಾರ. ‘ನೂರು ಎಂಬಿಪಿಎಸ್’ ಎಂದು ಮಾರುವ ಯೋಜನೆಯಲ್ಲೂ ಮೇಲಕ್ಕೆ ಕಳಿಸುವ ವೇಗ ಬೇರೆಯೇ ಇರಬಹುದು, ಅದನ್ನು ಅಳೆಯಿರಿ. ಮೇಲ್ಮುಖ ವೇಗ 10 ಎಂಬಿಪಿಎಸ್ ಇದ್ದರೆ ಗಂಟೆಗೆ ಹೆಚ್ಚೆಂದರೆ ನಾಲ್ಕೂವರೆ ಜಿಬಿ ಹೋಗುತ್ತದೆ; 200 ಜಿಬಿಯ ಮೊದಲ ಬ್ಯಾಕಪ್‌ಗೆ ಬಿಡುವಿಲ್ಲದೆ 44 ಗಂಟೆ ಬೇಕು. ತಿಂಗಳ ಮಿತಿ ದಾಟಿ ವೇಗ 2 ಎಂಬಿಪಿಎಸ್‌ಗೆ ಇಳಿದರೆ ಅದೇ ಕೆಲಸಕ್ಕೆ ಒಂಬತ್ತು ದಿನಕ್ಕೂ ಹೆಚ್ಚು. ದಿನಕ್ಕೆ ಎಂಟು ಗಂಟೆ ತೆರೆದಿರುವ ಕಚೇರಿಯಲ್ಲಿ ಇದು ತಾನಾಗಿ ಮುಗಿಯುವ ಮಾತಲ್ಲ.

ರೆಸ್ಟಿಕ್ ನಡುವೆ ನಿಂತರೂ ಆಗಲೇ ಹೋದ ಚೂರುಗಳಲ್ಲಿ ಬಹುಪಾಲು ಮುಂದಿನ ಸಲ ಉಪಯೋಗಕ್ಕೆ ಬರುತ್ತವೆ. ಆದರೆ ಪೂರ್ತಿ ಮುಗಿಯುವವರೆಗೆ ಪಟ್ಟಿಯಲ್ಲಿ ಸ್ನ್ಯಾಪ್‌ಶಾಟ್ ಕಾಣದು. ವಾರವಿಡೀ ಇಂಟರ್ನೆಟ್ ಖರ್ಚಾಗಿ, ಸರ್ವರ್‌ನಲ್ಲಿ ಜಾಗವೂ ತುಂಬಿ, ಪಟ್ಟಿ ಮಾತ್ರ ಖಾಲಿಯಿದ್ದರೆ ಕಾರಣ ಇದೇ. ಮೊದಲು ಲೆಕ್ಕಪತ್ರದ ಫೋಲ್ಡರ್ ಒಂದನ್ನೇ ಕಳಿಸಿ ಮುಗಿಸಿ, ಆಮೇಲೆ ಸ್ಕ್ಯಾನ್‌ಗಳು, ಕೊನೆಗೆ ಫೋಟೋ ವಿಡಿಯೋ.

ಕರೆಂಟ್ ಹೋಗಿ ಕೆಲಸ ಅರ್ಧಕ್ಕೆ ನಿಂತಾಗ ಸಂಗ್ರಹದಲ್ಲಿ ಬೀಗದ ಫೈಲ್ ಉಳಿದುಬಿಡುತ್ತದೆ. ಸಾಮಾನ್ಯ ಬ್ಯಾಕಪ್ ಬಿಟ್ಟುಹೋದ ಬೀಗ ಇನ್ನೊಂದು ಬ್ಯಾಕಪ್‌ಗೆ ಅಡ್ಡಿಯಲ್ಲ, ‘ಪ್ರೂನ್’ಗೆ ಅಡ್ಡಿ. ‘ಪ್ರೂನ್’ ಬಿಟ್ಟುಹೋದ ಬೀಗ ಮಾತ್ರ ಎಲ್ಲವನ್ನೂ ತಡೆಯುತ್ತದೆ. ಬೇರೆ ಯಾವ ಯಂತ್ರವೂ ಆ ಹೊತ್ತಿನಲ್ಲಿ ಸಂಗ್ರಹವನ್ನು ಬಳಸುತ್ತಿಲ್ಲ ಎಂದು ಖಚಿತ ಮಾಡಿಕೊಂಡು ‘ಅನ್‌ಲಾಕ್’ ಕೊಡಿ. ಅದನ್ನು ದಿನವೂ ಸ್ಕ್ರಿಪ್ಟ್‌ನ (ಆದೇಶಗಳನ್ನು ಸಾಲಾಗಿ ಬರೆದಿಟ್ಟ ಫೈಲಿನ) ಮೊದಲ ಸಾಲಾಗಿ ಓಡಿಸುವ ಚಾಳಿ ನನಗೆ ಹಿಡಿಸುವುದಿಲ್ಲ. ಬೀಗ ಯಾಕೆ ಉಳಿಯುತ್ತಿದೆ ಎಂಬುದು ಆಮೇಲೆ ಯಾರಿಗೂ ಗೊತ್ತಾಗುವುದೇ ಇಲ್ಲ.

ಮುಗಿಯಿತು ಎನ್ನುತ್ತದೆ, ಫೈಲ್ ಇಲ್ಲ

ಹೆಚ್ಚು ನಷ್ಟ ಮಾಡುವುದು ಈ ಬಗೆ. ಇಲ್ಲಿ ತಂತ್ರಾಂಶ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿರುತ್ತದೆ, ಹೇಳಿದ್ದೇ ಹಳತಾಗಿರುತ್ತದೆ.

ಟ್ಯಾಲಿ ಇಆರ್‌ಪಿ 9 ಬಿಟ್ಟು ಟ್ಯಾಲಿಪ್ರೈಮ್‌ಗೆ ಬಂದ ಕಚೇರಿಗಳಲ್ಲಿ ಲೆಕ್ಕದ ಫೋಲ್ಡರ್ ಬೇರೆ ಜಾಗಕ್ಕೆ ಹೋಗಿರಬಹುದು. ಹಳೆಯ ಫೋಲ್ಡರ್ ಅಳಿದಿರುವುದಿಲ್ಲ, ಅಲ್ಲೇ ಇರುತ್ತದೆ. ಬ್ಯಾಕಪ್ ದಿನವೂ ಅದನ್ನೇ ನೋಡಿ, ಬದಲಾವಣೆ ಏನೂ ಇಲ್ಲವೆಂದು ಕೆಲವೇ ಸೆಕೆಂಡುಗಳಲ್ಲಿ ಯಶಸ್ವಿಯಾಗಿ ಮುಗಿಸುತ್ತದೆ. ಲೆಕ್ಕ ಬರೆಯುವ ಕಚೇರಿಯ ಬ್ಯಾಕಪ್‌ನಲ್ಲಿ ‘ಹೊಸ ದತ್ತಾಂಶ ಸೊನ್ನೆ’ ಎಂದು ಸತತವಾಗಿ ಬರುತ್ತಿದ್ದರೆ ಅದು ಯಶಸ್ಸಲ್ಲ, ರೋಗಲಕ್ಷಣ. ಟ್ಯಾಲಿಯಲ್ಲಿ ಕಂಪನಿ ಆರಿಸುವ ಪರದೆಯಲ್ಲಿ ಕಾಣುವ ದತ್ತಾಂಶದ ಜಾಗವನ್ನು ಬ್ಯಾಕಪ್ ಪಟ್ಟಿಯ ಜಾಗದೊಂದಿಗೆ ಅಕ್ಷರಕ್ಷರ ಹೋಲಿಸಿ.

ಒನ್‌ಡ್ರೈವ್ ಮಾಡುವುದೂ ಹೀಗೆಯೇ. ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳನ್ನು ‘ರಕ್ಷಿಸಲೇ’ ಎಂದು ಅದು ಕೇಳಿದಾಗ ಯಾರೋ ಹೂಂ ಎಂದಿರುತ್ತಾರೆ. ಅಂದಿನಿಂದ ಅವುಗಳ ನಿಜವಾದ ವಿಳಾಸ ಒನ್‌ಡ್ರೈವ್ ಫೋಲ್ಡರ್‌ನ ಒಳಗೆ. ಬ್ಯಾಕಪ್ ಕಾಯುತ್ತಿರುವುದು ಖಾಲಿಯಾದ ಹಳೆಯ ಜಾಗವನ್ನು. ಮೇಲಾಗಿ ಕೆಲವು ಫೈಲ್‌ಗಳು ಕ್ಲೌಡ್‌ನಲ್ಲಿ ಮಾತ್ರ ಇದ್ದು, ಡಿಸ್ಕ್‌ನಲ್ಲಿ ಹೆಸರಷ್ಟೇ ಉಳಿದಿರಬಹುದು. ಒನ್‌ಡ್ರೈವ್ ಇದೆಯಲ್ಲ, ಬ್ಯಾಕಪ್ ಯಾಕೆ ಎನ್ನುವವರಿಗೆ ಒಂದು ಮಾತು: ನೀವು ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ವೈಯಕ್ತಿಕ ಖಾತೆಯ ಕಸದಬುಟ್ಟಿಯಲ್ಲಿ ಅದು ಉಳಿಯುವುದು 30 ದಿನ.

ಇನ್ನು ತೆರೆದೇ ಇರುವ ಫೈಲ್‌ಗಳು. ಇನ್ನೊಂದು ಪ್ರೋಗ್ರಾಂ ಹಿಡಿದುಕೊಂಡಿರುವ ಫೈಲನ್ನು ಓದಲಾಗದಿದ್ದರೆ ರೆಸ್ಟಿಕ್ ಅದನ್ನು ಬಿಟ್ಟು ಮುಂದೆ ಹೋಗಿ, ಸ್ನ್ಯಾಪ್‌ಶಾಟ್ ಮಾಡಿ, ಕೊನೆಗೆ 3 ಎಂಬ ಸಂಖ್ಯೆ ಹಿಂದಿರುಗಿಸುತ್ತದೆ. ಸೊನ್ನೆ ಎಂದರೆ ಪೂರ್ತಿ ಸರಿ, 1 ಎಂದರೆ ಕೆಲಸವೇ ಆಗಲಿಲ್ಲ, 3 ಎಂದರೆ ಕೆಲವು ಫೈಲ್ ಬಿಟ್ಟಿದೆ. ಸ್ಕ್ರಿಪ್ಟ್‌ನ ಕೊನೆಯಲ್ಲಿ ‘ಮುಗಿಯಿತು’ ಎಂದು ಬರೆಯುವ ಇನ್ನೊಂದು ಸಾಲಿದ್ದರೆ ಶೆಡ್ಯೂಲರ್‌ಗೆ ಕಾಣುವುದು ಆ ಸಾಲಿನ ಸೊನ್ನೆಯೇ ಹೊರತು ರೆಸ್ಟಿಕ್‌ನ ಮೂರಲ್ಲ. ಹಸಿರು ಗುರುತು ಹುಟ್ಟುವುದು ಬಹಳ ಸಲ ಹೀಗೆ. ವಿಂಡೋಸ್‌ನಲ್ಲಿ ‘ಯೂಸ್ ಎಫ್‌ಎಸ್ ಸ್ನ್ಯಾಪ್‌ಶಾಟ್’ ಆಯ್ಕೆ ಕೊಟ್ಟು, ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿಸಿದರೆ ಡಿಸ್ಕ್‌ನ ಆ ಕ್ಷಣದ ನೆರಳು ಪ್ರತಿಯಿಂದ ನಕಲು ನಡೆಯುತ್ತದೆ. ಟ್ಯಾಲಿ ಅಥವಾ ಯಾವುದೇ ಡೇಟಾಬೇಸ್‌ಗೆ ಇಷ್ಟನ್ನೇ ನಂಬದೆ, ಅದರ ಒಳಗಿನ ಬ್ಯಾಕಪ್ ಸೌಲಭ್ಯದಿಂದ ಮೊದಲು ಪ್ರತಿ ತೆಗೆದು ಆ ಪ್ರತಿಯನ್ನು ಕಳಿಸುವುದು ಲೇಸು.

ಎಚ್ಚರಿಕೆಯ ಅಂಚೆ ಬಂದಿಲ್ಲ, ಆದ್ದರಿಂದ ಎಲ್ಲ ಸರಿಯಿದೆ ಎಂದುಕೊಳ್ಳಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮುಖ್ಯ ಡೇಟಾಬೇಸ್ ಕೈತಪ್ಪಿನಿಂದ ಅಳಿದುಹೋದಾಗ, ದಿನನಿತ್ಯದ ಬ್ಯಾಕಪ್ ಇರಬೇಕಾದ ಜಾಗ ಖಾಲಿಯಿತ್ತು. ಡೇಟಾಬೇಸ್ 9.6 ಆವೃತ್ತಿಯದು, ಪ್ರತಿ ತೆಗೆಯುತ್ತಿದ್ದ ಸಲಕರಣೆ 9.2ರದು, ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತದ್ದನ್ನು ತಿಳಿಸುವ ಅಂಚೆಗಳು ಹೊರಡುತ್ತಲೂ ಇದ್ದವು, ಆದರೆ ಕಳಿಸಿದವರ ದೃಢೀಕರಣ ಇಲ್ಲದ್ದರಿಂದ ಪಡೆಯುವ ಕಡೆ ಅವು ತಿರಸ್ಕಾರವಾಗುತ್ತಿದ್ದವು. ಕೊನೆಗೆ ಸುಮಾರು ಆರು ಗಂಟೆ ಹಿಂದಿನ ಬೇರೊಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿತು. ಸೋತರೆ ತಿಳಿಸು ಎನ್ನುವುದರ ಬದಲು ಗೆದ್ದರೆ ತಿಳಿಸು ಎಂದು ವ್ಯವಸ್ಥೆ ಮಾಡಿ. ಸಂದೇಶ ಬಾರದ ದಿನವೇ ಎಚ್ಚರಿಕೆಯಾಗುತ್ತದೆ.

ಕನ್ನಡದ ಹೆಸರು, ಕನ್ನಡದ ಅಕ್ಷರ

ರೆಸ್ಟಿಕ್ ಬಿಟ್ಟು, ಫೈಲ್‌ಗಳನ್ನು ಇದ್ದ ಹೆಸರಿನಲ್ಲೇ ಲಿನಕ್ಸ್ ಸರ್ವರ್‌ಗೆ ನಕಲು ಮಾಡುವ ವಿಧಾನ ಬಳಸುವವರಿಗೆ ಈ ದೋಷ ಎದುರಾಗುತ್ತದೆ: ಇಂಗ್ಲಿಷ್ ಹೆಸರಿನ ಫೈಲ್‌ಗಳೆಲ್ಲ ಹೋಗುತ್ತವೆ, ಕನ್ನಡದ ಉದ್ದ ಹೆಸರಿನವು ಮಾತ್ರ ನಿಲ್ಲುತ್ತವೆ. ಅಲ್ಲಿ ಹೆಸರಿನ ಮಿತಿ 255 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಒತ್ತಕ್ಷರ ಮತ್ತು ಗುಣಿತದ ಚಿಹ್ನೆಗಳಿಗೂ ಬೇರೆಬೇರೆ ಲೆಕ್ಕ. ‘ಕ್ಷೇತ್ರ’ ಎಂಬ ಎರಡಕ್ಷರದ ಪದದಲ್ಲಿ ಏಳು ಸಂಕೇತಗಳಿವೆ, 21 ಬೈಟ್ ಆಯಿತು. ಒಟ್ಟು 85 ಸಂಕೇತ ಮೀರಿದರೆ ವಿಂಡೋಸ್ ಒಪ್ಪಿದ ಹೆಸರನ್ನು ಸರ್ವರ್ ಒಪ್ಪದು. ಹೆಸರನ್ನೂ ಎನ್‌ಕ್ರಿಪ್ಟ್ ಮಾಡುವ ಆರ್‌ಕ್ಲೋನ್ ಕ್ರಿಪ್ಟ್‌ನಂಥ ವ್ಯವಸ್ಥೆಯಲ್ಲಿ ಮಿತಿ 143 ಬೈಟ್‌ನ ಆಸುಪಾಸಿಗೆ, ಅಂದರೆ ಸುಮಾರು 47 ಸಂಕೇತಕ್ಕೆ ಇಳಿಯಬಹುದು. ಪತ್ರದ ವಿಷಯವನ್ನಿಡೀ ಫೈಲ್ ಹೆಸರಾಗಿ ಇಡುವ ಕಚೇರಿಗಳಲ್ಲಿ ಇದು ಬೇಗ ತಟ್ಟುತ್ತದೆ. ರೆಸ್ಟಿಕ್‌ನ ಸಂಗ್ರಹಕ್ಕೆ ಈ ತೊಂದರೆಯಿಲ್ಲ, ಆದರೆ ಫೈಲನ್ನು ಲಿನಕ್ಸ್ ಯಂತ್ರಕ್ಕೆ ಇಳಿಸುವಾಗ ಅಲ್ಲೂ ಇದೇ ಮಿತಿ.

ಹೊಸ ಕಂಪ್ಯೂಟರಿಗೆ ಇಳಿಸಿದ ಪತ್ರಗಳನ್ನು ತೆರೆದಾಗ ಕನ್ನಡದ ಬದಲು ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ‘ಬ್ಯಾಕಪ್ ಹಾಳಾಗಿದೆ’ ಎಂಬ ಕೂಗೇಳುತ್ತದೆ. ಹಾಳಾಗಿಲ್ಲ. ಯೂನಿಕೋಡ್‌ಗೆ ಮೊದಲಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದು ಫೈಲಿನೊಳಗೆ ಇರುವುದೇ ಹಾಗೆ. ಆ ಅಕ್ಷರಶೈಲಿಯನ್ನು ಯಂತ್ರದಲ್ಲಿ ಹಾಕಿದರೆ ಕನ್ನಡ ಕಾಣುತ್ತದೆ. ಫಾಂಟ್ ಫೈಲ್‌ಗಳನ್ನೂ ಬ್ಯಾಕಪ್ ಪಟ್ಟಿಗೆ ಸೇರಿಸಿಕೊಳ್ಳಿ.

ಕೀಲಿ ಸಿಗುತ್ತಿಲ್ಲ

ಪಾಸ್‌ವರ್ಡ್ ತಪ್ಪು ಎಂದಾಗ ಕ್ಯಾಪ್ಸ್ ಲಾಕ್, ನಕಲು ಮಾಡುವಾಗ ಅಂಟಿಕೊಂಡ ಖಾಲಿ ಜಾಗ, ಚಾಲೂ ಉಳಿದ ಕನ್ನಡ ಕೀಲಿಮಣೆ ಇವಿಷ್ಟನ್ನು ಪರೀಕ್ಷಿಸಿ. ನಿಜಕ್ಕೂ ಮರೆತಿದ್ದರೆ ರೆಸ್ಟಿಕ್‌ನಲ್ಲಿ ಹಿಂಬಾಗಿಲಿಲ್ಲ. ಸರ್ವರ್‌ನವರೂ ಏನೂ ಮಾಡಲಾರರು. ಒಂದೇ ಆಸೆಯೆಂದರೆ ಬ್ಯಾಕಪ್ ಇನ್ನೂ ಓಡುತ್ತಿರುವ ಕಂಪ್ಯೂಟರ್. ಪಾಸ್‌ವರ್ಡ್ ಅದರ ಸ್ಕ್ರಿಪ್ಟ್‌ನಲ್ಲೋ ಪಕ್ಕದ ಫೈಲಿನಲ್ಲೋ ಇದ್ದೇ ಇರಬೇಕು. ಆ ಯಂತ್ರವನ್ನು ಫಾರ್ಮ್ಯಾಟ್ ಮಾಡುವ ಮೊದಲು ಅದನ್ನು ಓದಿಕೊಂಡು, ‘ಕೀ ಆ್ಯಡ್’ ಆದೇಶದಿಂದ ಇನ್ನೊಂದು ಪಾಸ್‌ವರ್ಡ್ ಸೇರಿಸಿ. ಒಂದೇ ಸಂಗ್ರಹಕ್ಕೆ ಹಲವು ಪಾಸ್‌ವರ್ಡ್ ಇರಬಹುದು. ಕಾಗದದ ಮೇಲೆ ಬರೆದು ಕಪಾಟಿನಲ್ಲಿಡುವುದನ್ನು ಭದ್ರತಾ ಪಂಡಿತರು ಹೀಗಳೆಯಬಹುದು. ಸಣ್ಣ ಕಚೇರಿಗೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಒಮ್ಮೆಲೇ ಗಾತ್ರ ಉಬ್ಬಿತು

ದಿನಕ್ಕೆ ಇನ್ನೂರು ಎಂಬಿ ಹೋಗುತ್ತಿದ್ದದ್ದು ಒಂದು ದಿನ ಎಂಬತ್ತು ಜಿಬಿ ಆದರೆ ಕೈಯಲ್ಲಿರುವ ಕೆಲಸ ಬಿಟ್ಟು ನೋಡಿ. ಫೋಲ್ಡರ್ ಸ್ಥಳಾಂತರದಿಂದ ಹೀಗಾಗದು. ಅವೇ ಚೂರುಗಳನ್ನು ರೆಸ್ಟಿಕ್ ಮತ್ತೆ ಕಳಿಸುವುದಿಲ್ಲ. ಯಾರೋ ವಿಡಿಯೋ ತುಂಬಿಸಿರಬಹುದು. ಅಥವಾ ಸುಲಿಗೆಯ ವೈರಸ್ ಫೈಲ್‌ಗಳನ್ನೆಲ್ಲ ಎನ್‌ಕ್ರಿಪ್ಟ್ ಮಾಡಿ, ತಂತ್ರಾಂಶದ ಕಣ್ಣಿಗೆ ಪ್ರತಿಯೊಂದೂ ಹೊಸ ಫೈಲ್ ಆಗಿರಬಹುದು. ಯಂತ್ರವನ್ನು ಜಾಲದಿಂದ ಬೇರ್ಪಡಿಸಿ, ಶೆಡ್ಯೂಲನ್ನು ನಿಲ್ಲಿಸಿ. ಕೊನೆಯ ಏಳನ್ನು ಮಾತ್ರ ಇಟ್ಟುಕೋ ಎಂಬ ನಿಯಮವಿದ್ದು ಬ್ಯಾಕಪ್ ಓಡುತ್ತಲೇ ಇದ್ದರೆ, ಏಳು ಸರದಿಯಲ್ಲಿ ಒಳ್ಳೆಯ ಪ್ರತಿಗಳೆಲ್ಲ ಹೊರಬಿದ್ದು ಹಾಳಾದವೇ ಉಳಿಯುತ್ತವೆ. ಹಿಂದಿನ ಸ್ನ್ಯಾಪ್‌ಶಾಟ್‌ನಿಂದ ಬೇರೊಂದು ಶುದ್ಧ ಯಂತ್ರಕ್ಕೆ ಇಳಿಸಿ. ಕಚೇರಿಯ ಯಂತ್ರಕ್ಕೆ ಸೇರಿಸುವ ಅಧಿಕಾರ ಮಾತ್ರ ಕೊಟ್ಟು, ಅಳಿಸುವ ಅಧಿಕಾರವನ್ನು ಬೇರೆ ಕೀಲಿಗೆ ಇಟ್ಟಿದ್ದರೆ ದಾಳಿಕೋರನಿಗೂ ಹಳೆಯದನ್ನು ಅಳಿಸಲಾಗದು.

ಪ್ರತಿ ಎಲ್ಲಿದೆ

2021ರ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ದತ್ತಾಂಶ ಕೇಂದ್ರ ಸುಟ್ಟಾಗ, ಮೂಲವನ್ನೂ ಪ್ರತಿಯನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ನಿಮ್ಮ ವೆಬ್‌ಸೈಟ್ ಇರುವ ಕಡೆಯೇ ಅದರ ಬ್ಯಾಕಪ್ ಕೊಂಡಿದ್ದರೆ ಯಾವ ಊರು, ಯಾವ ಕಟ್ಟಡ ಎಂದು ಕೇಳಿ. ಕಂಪನಿ ಕಾಯ್ದೆಯಡಿ ನೋಂದಾಯಿತ ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಇಡಬೇಕು. 2022ರ ತಿದ್ದುಪಡಿಯ ನಂತರ ಅದು ದಿನವೂ ಆಗಬೇಕು. ಸಂಗ್ರಹ ತೆರೆಯುವಾಗ ಮುಂಬೈಯಂಥ ಭಾರತದ ವಲಯ ಆರಿಸಿದ್ದೀರೇ ನೋಡಿ.

ಎಲ್ಲ ಸರಿಯಾದ ಮೇಲೆ ‘ಚೆಕ್’ ಓಡಿಸಿ. ಅದು ತಾನಾಗಿ ನೋಡುವುದು ಸಂಗ್ರಹದ ರಚನೆಯನ್ನು ಮಾತ್ರ. ದತ್ತಾಂಶವನ್ನೂ ಓದಿಸಲು ‘ರೀಡ್ ಡೇಟಾ ಸಬ್‌ಸೆಟ್’ ಆಯ್ಕೆ ಕೊಟ್ಟು ತಿಂಗಳಿಗೆ ಹನ್ನೆರಡರಲ್ಲಿ ಒಂದು ಭಾಗದಂತೆ ಸರದಿ ಹಾಕಿ, ವರ್ಷಕ್ಕೆ ಪೂರ್ತಿಯಾಗುತ್ತದೆ. ಇಳಿಸಿಕೊಂಡದ್ದಕ್ಕೆ ಶುಲ್ಕ ಹಾಕುವ ಸೇವೆಯಾದರೆ ಬಿಲ್ಲಿನ ಮೇಲೂ ಒಂದು ಕಣ್ಣಿಡಿ.

ಇಷ್ಟಾದರೂ ಬಗೆಹರಿಯದೆ ಬೇರೆಯವರ ಸಹಾಯ ಕೇಳುವಾಗ ತಂತ್ರಾಂಶದ ಆವೃತ್ತಿ, ಹಿಂದಿರುಗಿದ ಸಂಖ್ಯೆ, ಲಾಗ್‌ನ ಮೊದಲ ದೋಷದ ಸಾಲು, ಕೊನೆಯ ಸರಿಯಾದ ಸ್ನ್ಯಾಪ್‌ಶಾಟ್‌ನ ದಿನಾಂಕ, ಆ ದಿನದ ನಂತರ ಯಂತ್ರದಲ್ಲೋ ಜಾಲದಲ್ಲೋ ಆದ ಬದಲಾವಣೆ ಇವನ್ನು ಕೊಡಿ. ಲಾಗ್‌ನ ಕೊನೆಯ ಸಾಲಿಗಿಂತ ಮೊದಲ ದೋಷದ ಸಾಲು ಮುಖ್ಯ, ಉಳಿದವು ಹೆಚ್ಚಾಗಿ ಅದರ ಪರಿಣಾಮಗಳು. ಪರದೆಯ ಚಿತ್ರ ಕಳಿಸುವ ಮುನ್ನ ಅದರಲ್ಲಿ ಪಾಸ್‌ವರ್ಡ್ ಅಥವಾ ರಹಸ್ಯ ಕೀಲಿ ಕಾಣುತ್ತಿದೆಯೇ ನೋಡಿ; ಆಗಲೇ ಕಳಿಸಿಬಿಟ್ಟಿದ್ದರೆ ಆ ಕೀಲಿಯನ್ನು ರದ್ದು ಮಾಡಿ ಹೊಸದು ಪಡೆಯಿರಿ.